ನಥಾನಿಯಲ್ ಬ್ಯಾಗ್‌ಶಾ ವಾರ್ಡ್ (1791–1868): ಗಾಜಿನ ಸಸ್ಯಪೆಟ್ಟಿಗೆಯ ಜನಕ

ಕುಂಡ, ತೂಗುಬುಟ್ಟಿ ಹಾಗೂ ಗಾಜಿನ ಪಾತ್ರೆಗಳಲ್ಲಿ ಅಲಂಕಾರಿಕ ಸಸ್ಯಗಳನ್ನು ಬೆಳೆಸಲು ಸಸಿಗಳಿಗಾಗಿ ಅರ್ಜಿ ಸಲ್ಲಿಸುವ ನಾಗರಿಕರ ಅವಗಾಹನೆಗಾಗಿ ಲಂಡನ್ನಿನ ವೈದ್ಯ ನಥಾನಿಯಲ್ ಬ್ಯಾಗ್‌ಶಾ ವಾರ್ಡ್ ಅವರ ಜೀವನ ಪರಿಚಯವನ್ನು ಇಲ್ಲಿ ನೀಡಲಾಗಿದೆ. ಪಾತ್ರೆಯಲ್ಲಿ ನೆಟ್ಟ ಗಿಡ ಏಕೆ ಬದುಕುತ್ತದೆ, ಏಕೆ ಸಾಯುತ್ತದೆ ಎಂಬ ಪ್ರಶ್ನೆಗೆ ಇವರ ಜೀವನವೇ ಬಹುಮಟ್ಟಿಗೆ ಉತ್ತರವಾಗಿದೆ.

ವಾರ್ಡ್ ಅವರು 1791ರಲ್ಲಿ ಲಂಡನ್ನಿನಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ಜಮೈಕಾಕ್ಕೆ ಸಮುದ್ರಯಾನ ಕೈಗೊಂಡಾಗ ಅಲ್ಲಿನ ತಾಳೆಮರಗಳೂ ಜರೀಗಿಡಗಳೂ ಅವರ ಮನಸ್ಸನ್ನು ಸೆಳೆದವು. ಮುಂದೆ ವೈದ್ಯವೃತ್ತಿಯನ್ನು ಕೈಗೊಂಡು ನಗರದ ಪೂರ್ವ ಭಾಗದ ವೆಲ್‌ಕ್ಲೋಸ್ ಚೌಕದಲ್ಲಿ ನೆಲೆಸಿದರು. ಅದು ಹಡಗುಕಟ್ಟೆಗಳಿಗೆ ಸಮೀಪದ, ಬಡವರು ವಾಸಿಸುವ, ಕಲ್ಲಿದ್ದಲಿನ ಹೊಗೆ ತುಂಬಿದ ಪ್ರದೇಶ. ಮನೆಯ ಹಿತ್ತಲಿನಲ್ಲಿ ಕಲ್ಲುಗಳನ್ನು ಜೋಡಿಸಿ, ಕೊಳವೆಯಿಂದ ನೀರು ತೊಟ್ಟಿಕ್ಕುವಂತೆ ಮಾಡಿ ಜರೀಗಿಡ ಮತ್ತು ಹಾವಸೆಗಳನ್ನು ಬೆಳೆಸಲು ಅವರು ಯತ್ನಿಸಿದರು. ನೀರಿಗೆ ಕೊರತೆಯಿರಲಿಲ್ಲ, ಆರೈಕೆಗೂ ಕೊರತೆಯಿರಲಿಲ್ಲ. ಆದರೂ ಮಸಿಯಿಂದಾಗಿ ಗಿಡಗಳು ಒಂದೊಂದಾಗಿ ನಾಶವಾದವು.

1829ರಲ್ಲಿ ಅವರು ಬೇರೆಯೇ ಉದ್ದೇಶದಿಂದ ಒಂದು ಪ್ರಯೋಗ ಕೈಗೊಂಡರು. ಪತಂಗವೊಂದು ಕೋಶದಿಂದ ಹೊರಬರುವುದನ್ನು ನೋಡಲೆಂದು ಆ ಕೋಶವನ್ನು ಅಗಲ ಬಾಯಿಯ ಗಾಜಿನ ಸೀಸೆಯಲ್ಲಿ ತೇವದ ಮಣ್ಣಿನೊಳಗೆ ಹೂತು, ಮುಚ್ಚಳ ಹಾಕಿದರು. ಹಗಲಿನ ಬಿಸಿಗೆ ಮಣ್ಣಿನ ತೇವವು ಆವಿಯಾಗಿ ಗಾಜಿನ ಒಳಮೈಗೆ ಹನಿಗಟ್ಟಿ, ಪುನಃ ಮಣ್ಣಿಗೇ ಇಳಿಯುತ್ತಿದ್ದುದನ್ನು ಅವರು ಗಮನಿಸಿದರು. ಪತಂಗ ಹೊರಬರುವ ಮೊದಲೇ ಮಣ್ಣಿನಲ್ಲಿ ಒಂದು ಜರೀಗಿಡವೂ ಒಂದು ಹುಲ್ಲಿನ ಎಳೆಯೂ ಮೊಳೆತವು. ಹಿತ್ತಲಿನಲ್ಲಿ ಇಷ್ಟು ಶ್ರಮಪಟ್ಟರೂ ಬದುಕದ ಜಾತಿಯ ಸಸ್ಯ ಸೀಸೆಯಲ್ಲಿ ತಾನಾಗಿಯೇ ಬಂದಿತ್ತು. ಉತ್ತರಕ್ಕೆ ಮುಖ ಮಾಡಿದ ಕಿಟಕಿಯ ಹೊರಗೆ ಇರಿಸಿದ ಆ ಸೀಸೆಯಲ್ಲಿ ಒಂದು ಹನಿ ನೀರನ್ನೂ ಹಾಕದೆ ಸುಮಾರು ನಾಲ್ಕು ವರ್ಷಗಳ ಕಾಲ ಎರಡೂ ಜೀವಂತವಾಗಿದ್ದವು. ವಾರ್ಡ್ ಅವರು ಊರಿನಲ್ಲಿಲ್ಲದಾಗ ಮುಚ್ಚಳ ತುಕ್ಕು ಹಿಡಿದು, ಮಳೆನೀರು ಒಳಹೊಕ್ಕು ಅವು ಸತ್ತವು. ನೀರಿಲ್ಲದೆ ನಾಲ್ಕು ವರ್ಷ ಬದುಕಿದ ಗಿಡಗಳು ನೀರು ಹೆಚ್ಚಾಗಿ ಸತ್ತವೆಂಬುದನ್ನು ಕುಂಡಗಳಿಗೆ ಪ್ರತಿದಿನ ನೀರೆರೆಯುವವರು ವಿಶೇಷವಾಗಿ ಗಮನಿಸಬೇಕು.

ಪೆಟ್ಟಿಗೆಯು ಗಾಳಿ ಸ್ವಲ್ಪವೂ ಆಡದಂತೆ ಮುಚ್ಚಿರುತ್ತದೆ ಎಂಬ ತಪ್ಪು ಕಲ್ಪನೆ ಅಂದೇ ಹಬ್ಬಿತ್ತು. ಸಂದುಗಳ ಮೂಲಕ ಗಾಳಿ ನಿಧಾನವಾಗಿ ಬದಲಾಗುತ್ತಿರುತ್ತದೆ ಎಂದು ವಾರ್ಡ್ ಅವರೇ ಸ್ಪಷ್ಟಪಡಿಸಿದ್ದರು. ಗಾಜು ತಡೆಯುವುದು ಮಸಿಯನ್ನು, ಒಣಗಾಳಿಯನ್ನು ಹಾಗೂ ತೇವದ ನಷ್ಟವನ್ನು. ಬೆಳಕು ಮಾತ್ರ ಒಳಬರಲೇಬೇಕು. ತೂಗುಬುಟ್ಟಿಯ ಸ್ಥಿತಿ ಇದಕ್ಕೆ ತೀರಾ ವಿರುದ್ಧವಾದದ್ದು. ಸುತ್ತಲಿನಿಂದಲೂ ಗಾಳಿ ತಾಗುವುದರಿಂದ ಅದರ ಮಣ್ಣು ಬೇಗ ಒಣಗುತ್ತದೆ. ಆದ್ದರಿಂದ ಬುಟ್ಟಿಗೆ ಹೇಳಿದ ನೀರಿನ ಪ್ರಮಾಣವನ್ನು ಗಾಜಿನ ಪಾತ್ರೆಗೆ ಅನ್ವಯಿಸತಕ್ಕದ್ದಲ್ಲ.

ಹ್ಯಾಕ್ನಿಯ ಪ್ರಸಿದ್ಧ ಸಸ್ಯೋದ್ಯಮಿ ಜಾರ್ಜ್ ಲಾಡಿಜಸ್ ಅವರ ಸಹಕಾರದಿಂದ ವಾರ್ಡ್ ಅವರು ಪೆಟ್ಟಿಗೆಗಳನ್ನು ತಯಾರಿಸಿ, 1833ರಲ್ಲಿ ಜರೀಗಿಡ, ಹಾವಸೆ, ಹುಲ್ಲುಗಳನ್ನು ತುಂಬಿದ ಎರಡು ಪೆಟ್ಟಿಗೆಗಳನ್ನು ಹಡಗಿನಲ್ಲಿ ಆಸ್ಟ್ರೇಲಿಯಾಕ್ಕೆ ಕಳುಹಿಸಿದರು. ಎರಡು ಮೂರು ಗಿಡಗಳ ಹೊರತು ಉಳಿದವೆಲ್ಲವೂ ಬದುಕಿದ್ದವು. 1834ರಲ್ಲಿ ಅದೇ ಪೆಟ್ಟಿಗೆಗಳಲ್ಲಿ ಆಸ್ಟ್ರೇಲಿಯಾದ ಸಸ್ಯಗಳು ಮರಳಿ ಹೊರಟವು. ಕೇಪ್ ಹಾರ್ನ್ ಬಳಿ ಹಡಗಿನ ಅಟ್ಟದ ಮೇಲೆ ಹಿಮ ಬಿದ್ದಿತ್ತು, ಭೂಮಧ್ಯರೇಖೆಯ ಬಳಿ ಉಷ್ಣಾಂಶ 120 ಡಿಗ್ರಿ ಫ್ಯಾರನ್‌ಹೀಟ್ ತಲುಪಿತ್ತು. ದಾರಿಯುದ್ದಕ್ಕೂ ನೀರು ಹಾಕದಿದ್ದರೂ ಸಸ್ಯಗಳು ಸುಸ್ಥಿತಿಯಲ್ಲಿ ಲಂಡನ್ ತಲುಪಿದವು. ಈ ಹಿಂದೆ ಇಪ್ಪತ್ತರಲ್ಲಿ ಹತ್ತೊಂಬತ್ತು ಗಿಡಗಳನ್ನು ಕಳೆದುಕೊಳ್ಳುತ್ತಿದ್ದ ಲಾಡಿಜಸ್ ಅವರಿಗೆ ಇದರ ನಂತರ ಹತ್ತೊಂಬತ್ತು ಉಳಿಯತೊಡಗಿದವು.

ಸ್ಕಾಟ್ಲೆಂಡಿನಲ್ಲಿ ಮೆಕೊನೊಕಿ ಎಂಬವರು ಇದಕ್ಕೂ ಮುನ್ನವೇ ಇಂತಹ ಪ್ರಯೋಗ ನಡೆಸಿದ್ದರು. ಆದರೆ ಫಲಿತಾಂಶವನ್ನು ಮೊದಲು ಪ್ರಕಟಿಸಿದವರು ವಾರ್ಡ್. 1842ರಲ್ಲಿ ಹೊರಬಂದ ಅವರ ಪುಸ್ತಕದಲ್ಲಿ ಬಡವರ ಸ್ಥಿತಿಯನ್ನು ಸುಧಾರಿಸಲು ಈ ಪದ್ಧತಿಯನ್ನು ಬಳಸುವ ಬಗ್ಗೆ ಪ್ರತ್ಯೇಕ ಅಧ್ಯಾಯವಿದೆ. ಹೊಗೆಯ ನಗರದ ಇಕ್ಕಟ್ಟಿನ ಕೋಣೆಯಲ್ಲಿಯೂ ಹಸಿರು ಇರಬೇಕೆಂಬುದು ಆ ವೈದ್ಯರ ಹಂಬಲವಾಗಿತ್ತು.

ಪೆಟ್ಟಿಗೆ ಹೋದ ದಾರಿ ಮಾತ್ರ ಬೇರೆ. ರಾಬರ್ಟ್ ಫಾರ್ಚೂನ್ ಅವರು ಚೀನಾದ ಚಹಾ ಸಸಿಗಳನ್ನು 1851ರಲ್ಲಿ ಇಂತಹ ಪೆಟ್ಟಿಗೆಗಳಲ್ಲಿ ಕಲ್ಕತ್ತಾಕ್ಕೆ ತಂದರು. 1860ರಲ್ಲಿ ಕ್ಲೆಮೆಂಟ್ಸ್ ಮಾರ್ಕಮ್ ಅವರು ಪೆರುವಿನಿಂದ ತಂದ ಸಿಂಕೋನಾ ಸಸಿಗಳು ಪ್ರಯಾಣದ ಬಿಸಿಲಿಗೆ ಬಳಲಿ, ನೀಲಗಿರಿಯಲ್ಲಿ ಉಳಿಯಲಿಲ್ಲ. ಪೆಟ್ಟಿಗೆಯು ಎಲ್ಲವನ್ನೂ ರಕ್ಷಿಸಬಲ್ಲದೆಂಬ ನಂಬಿಕೆಗೆ ಇದು ಪೆಟ್ಟು. ಮರುವರ್ಷ ಈಕ್ವೆಡಾರ್‌ನಿಂದ ಬಂದ ಸಸಿಗಳು ಮಾತ್ರ ಉದಕಮಂಡಲದಲ್ಲಿ ಬೇರೂರಿದವು. ಮಲೇರಿಯಾಕ್ಕೆ ಔಷಧವಾದ ಕ್ವಿನೈನ್ ಈ ಮರದ ತೊಗಟೆಯಿಂದಲೇ ದೊರೆಯುತ್ತಿತ್ತು. ಸಸ್ಯಗಳನ್ನು ನೀಡಿದ ನಾಡುಗಳಿಗೆ ಲಾಭದ ಪಾಲು ದೊರೆಯಲಿಲ್ಲವೆಂಬುದನ್ನೂ, ಪೆಟ್ಟಿಗೆಯ ಮಣ್ಣಿನೊಂದಿಗೆ ಕೀಟ ಹಾಗೂ ರೋಗಗಳೂ ಖಂಡಾಂತರ ಸಾಗಿದವೆಂಬುದನ್ನೂ ಇಲ್ಲಿ ಮರೆಮಾಚುವಂತಿಲ್ಲ. ಹೊರದೇಶದಿಂದ ಮಣ್ಣುಸಹಿತ ಸಸಿ ತರುವುದಕ್ಕೆ ಇಂದು ಇರುವ ನಿರ್ಬಂಧಗಳ ಹಿಂದೆ ಇಂತಹ ಅನುಭವಗಳಿವೆ.

ಮನೆಯಲ್ಲಿ ಗಾಜಿನ ಪಾತ್ರೆಯನ್ನು ಸಿದ್ಧಪಡಿಸುವವರು ತಳದಲ್ಲಿ ಸಣ್ಣ ಜಲ್ಲಿಯನ್ನು ಹರಡಿ, ಅದರ ಮೇಲೆ ಸಡಿಲವಾದ ತೇವದ ಮಣ್ಣನ್ನು ತುಂಬಿ, ನೆರಳನ್ನು ಬಯಸುವ ಜರೀಗಿಡ ಹಾಗೂ ಹಾವಸೆಗಳನ್ನು ನೆಡಬಹುದು. ಗುಲಾಬಿ, ಕಳ್ಳಿ ಮುಂತಾದವು ಇದಕ್ಕೆ ಸೂಕ್ತವಲ್ಲ. ನೇರ ಬಿಸಿಲಿನಲ್ಲಿ ಇರಿಸಿದರೆ ಗಿಡಗಳು ಬೆಂದುಹೋಗುತ್ತವೆ. ಗಾಜು ಸದಾ ಮಂಜು ಕವಿದಂತಿದ್ದರೆ ಕೆಲವು ಗಂಟೆಗಳ ಕಾಲ ಮುಚ್ಚಳವನ್ನು ತೆರೆದಿಡಬೇಕು.

ವಾರ್ಡ್ ಅವರು 1852ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾಗಿ ಆಯ್ಕೆಯಾದರು. 1868ರ ಜೂನ್‌ನಲ್ಲಿ ಸಸೆಕ್ಸ್‌ನ ಸೇಂಟ್ ಲಿಯೊನಾರ್ಡ್ಸ್‌ನಲ್ಲಿ ನಿಧನರಾದರು. ದಕ್ಷಿಣ ಆಫ್ರಿಕಾದ ನೀರಿನಲ್ಲಿ ಬೆಳೆಯುವ ಹಾವಸೆಯ ಕುಲವೊಂದಕ್ಕೆ ಅವರ ಸ್ಮರಣಾರ್ಥ ವಾರ್ಡಿಯಾ ಎಂಬ ಹೆಸರಿದೆ.