ದೀನಬಂಧು ನಾನ್ಸೆನ್

ಹಿಮದ ನಾಡುಗಳಲ್ಲಿ ಬಯಾತ್ಲಾನ್ ಎಂಬ ಪಂದ್ಯವೊಂದುಂಟು. ಪಾದಗಳಿಗೆ ಸ್ಕೀ ಎಂಬ ನೀಳವಾದ ಹಲಗೆಗಳನ್ನು ಕಟ್ಟಿ, ಬೆನ್ನಿಗೆ ಬಂದೂಕನ್ನೇರಿಸಿ, ಮೈಲಿಗಟ್ಟಲೆ ಜಾರುತ್ತ ಹೋಗಿ, ಏದುಸಿರನ್ನು ಅಡಗಿಸಿ ಗುರಿ ಹೊಡೆಯಬೇಕು. 1960ರಲ್ಲಿ ಇದು ಚಳಿಗಾಲದ ಒಲಿಂಪಿಕ್ಸನ್ನು ಸೇರಿತು; ಅಂದು ಗೆದ್ದ ಸ್ವೀಡನ್ನಿನ ಕ್ಲಾಸ್ ಲೆಸ್ಟಾಂಡರ್ 20 ಗುರಿಗಳಲ್ಲಿ ಒಂದನ್ನೂ ತಪ್ಪಿರಲಿಲ್ಲ. ಆಟದಲ್ಲಿ ಗುರಿ ತಪ್ಪಿದವನು ಸಮಯವನ್ನು ಕಳೆದುಕೊಳ್ಳುತ್ತಾನೆ. ಆದರೆ ಸ್ಕೀಯೂ ಬಂದೂಕೂ ಪ್ರಾಣಾಧಾರವೇ ಆಗಿದ್ದ ಮಹನೀಯರೊಬ್ಬರ ಚರಿತ್ರೆಯನ್ನು ನಾವು ಇಂದು ವಾಚಕರ ಮುಂದಿಡುತ್ತೇವೆ.

ಫ್ರಿಡ್ಯೋಫ್ ನಾನ್ಸೆನ್ನರು 1861ರ ಅಕ್ಟೋಬರ್ 10ರಂದು ನಾರ್ವೆಯ ರಾಜಧಾನಿಯ ಬಳಿ ಜನಿಸಿದರು. ಪ್ರಾಣಿಶಾಸ್ತ್ರವನ್ನು ವ್ಯಾಸಂಗ ಮಾಡಿ ಬೆರ್ಗೆನ್ ನಗರದ ವಸ್ತುಸಂಗ್ರಹಾಲಯದಲ್ಲಿ ಉದ್ಯೋಗಕ್ಕೆ ಸೇರಿದರು. 1888ರಲ್ಲಿ ಐವರು ಸಂಗಡಿಗರೊಡನೆ ಸ್ಕೀಗಳ ಮೇಲೆ ಗ್ರೀನ್‌ಲೆಂಡನ್ನು ದಾಟಲು ಹೊರಟರು. ಜನವಸತಿಯಿದ್ದ ಪಶ್ಚಿಮ ತೀರವನ್ನು ಬಿಟ್ಟು, ನಿರ್ಜನವಾದ ಪೂರ್ವತೀರದಿಂದ ಹೊರಟದ್ದೇ ಅವರ ವೈಶಿಷ್ಟ್ಯ. ಹಿಂದಿರುಗಿದರೆ ಆಶ್ರಯವಿಲ್ಲ; ಮುಂದೆ ಸಾಗಿದರೆ ಮಾತ್ರ ಉಳಿವು. ಅಕ್ಟೋಬರ್ 3ರಂದು ಅವರು ಪಶ್ಚಿಮದ ಗೋಟ್‌ಹೋಬ್ ಊರನ್ನು ಮುಟ್ಟಿದರು.

ಅನಂತರ ಫ್ರಾಮ್ ಎಂಬ ಹಡಗನ್ನು ಕಟ್ಟಿಸಿದರು. ಹಿಮದ ಒತ್ತಡಕ್ಕೆ ಒಡೆಯದೆ ಮೇಲಕ್ಕೇಳುವಂತೆ ಅದರ ಒಡಲನ್ನು ದುಂಡಗೆ ಮಾಡಲಾಗಿತ್ತು. 1893ರಲ್ಲಿ 13 ಮಂದಿಯನ್ನು ಹೊತ್ತು ಹೊರಟ ಆ ಹಡಗು ಹೆಪ್ಪುಗಟ್ಟಿದ ಕಡಲಿನಲ್ಲಿ ಸಿಕ್ಕಿ, ಹಿಮದೊಡನೆಯೇ ತೇಲಿತು. ಅದು ಉತ್ತರಧ್ರುವವನ್ನು ಮುಟ್ಟಲಾರದೆಂದು ಕಂಡಾಗ, 1895ರ ಮಾರ್ಚ್ 14ರಂದು ನಾನ್ಸೆನ್ನರು ಯಾಲ್ಮಾರ್ ಯೊಹಾನ್ಸೆನ್ ಎಂಬ ಒಬ್ಬನೇ ಸಂಗಡಿಗನೊಡನೆ 28 ನಾಯಿಗಳನ್ನು ಹೂಡಿದ ಮೂರು ಜಾರುಬಂಡಿಗಳೊಡನೆ ಹೊರಟರು. ಇವರು ಉತ್ತರಕ್ಕೆ ನಡೆದಷ್ಟೂ ಕಾಲಡಿಯ ಹಿಮವೇ ದಕ್ಷಿಣಕ್ಕೆ ತೇಲುತ್ತಿತ್ತು. ಅಂದಿನವರೆಗೆ ಯಾರೂ ಕಾಣದ 86 ಡಿಗ್ರಿ 14 ನಿಮಿಷದ ಅಕ್ಷಾಂಶವನ್ನು ಮುಟ್ಟಿ ಹಿಂದಿರುಗಿದರು. ಹಟಕ್ಕಿಂತ ವಿವೇಕ ದೊಡ್ಡದೆಂದು ಅವರು ಬಲ್ಲವರು.

ಹಿಂದಿರುಗುವ ದಾರಿ ಇನ್ನೂ ಕಠೋರವಾಗಿತ್ತು. ಆಹಾರ ಮುಗಿಯುತ್ತ ಬಂದಂತೆ ನಾಯಿಗಳನ್ನು ಒಂದೊಂದಾಗಿ ಕೊಂದು ಉಳಿದವಕ್ಕೆ ಉಣಿಸಬೇಕಾಯಿತು. ತೆರೆದ ಕಡಲು ಎದುರಾದಾಗ ಕೊನೆಯ ಎರಡು ನಾಯಿಗಳನ್ನೂ ಕೈಬಿಡಬೇಕಾಗಿ ಬಂತು; ತನ್ನ ನಾಯಿಯನ್ನು ತಾನೇ ಕೊಲ್ಲಲಾರದೆ ಒಬ್ಬರ ನಾಯಿಗೆ ಇನ್ನೊಬ್ಬರು ಗುಂಡು ಹೊಡೆದರು. ಹಿಮಕರಡಿಯೊಂದು ಯೊಹಾನ್ಸೆನ್ನನನ್ನು ಕೆಡವಿದಾಗ ನಾನ್ಸೆನ್ನರ ಗುರಿ ತಪ್ಪಲಿಲ್ಲ, ಜೀವವೊಂದು ಉಳಿಯಿತು. ಕಲ್ಲಿನ ಗೋಡೆಗೆ ಕಡಲಾನೆಯ ತೊಗಲು ಹೊದಿಸಿದ ಗುಡಿಸಿಲಿನಲ್ಲಿ, ಬೇಟೆಯ ಮಾಂಸವನ್ನೇ ತಿಂದು, ಆ ಇಬ್ಬರು ಇಡೀ ಚಳಿಗಾಲವನ್ನು ಕಳೆದರು. 1896ರ ಜೂನ್‌ನಲ್ಲಿ ಜಾಕ್ಸನ್ ಎಂಬ ಆಂಗ್ಲ ಶೋಧಕನು ಕಣ್ಣಿಗೆ ಬಿದ್ದನು. ಫ್ರಾಮ್ ಹಡಗೂ ಆ ವರ್ಷವೇ ಮರಳಿತು. 13 ಮಂದಿಯಲ್ಲಿ ಒಬ್ಬರೂ ಮಡಿಯಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಅವರನ್ನು ಸಾಹಸಿಯೆಂದು ಮಾತ್ರ ನೆನೆಯುತ್ತಿದ್ದೆವು. ಮೊದಲ ಮಹಾಯುದ್ಧದ ಬಳಿಕ ರಾಷ್ಟ್ರಸಂಘವು ಅವರಿಗೆ ಯುದ್ಧಕೈದಿಗಳ ಹೊಣೆಯನ್ನೊಪ್ಪಿಸಿತು. ಎರಡು ವರ್ಷಗಳಲ್ಲಿ 4 ಲಕ್ಷಕ್ಕೂ ಹೆಚ್ಚು ಕೈದಿಗಳು ಅವರ ಪ್ರಯತ್ನದಿಂದ ಮನೆ ಸೇರಿದರು. 1921ರ ರಷ್ಯಾದ ಕ್ಷಾಮದಲ್ಲಿ ಅವರು ಸರಕಾರಗಳ ಮುಂದೆ ಅಂಗಲಾಚಿದರು. ರಾಜಕೀಯದ ನೆಪವೊಡ್ಡಿ ಅವು ಸಾಲ ಕೊಡಲೊಪ್ಪದಿರಲು, ಜನಸಾಮಾನ್ಯರಲ್ಲಿ ಕೈಚಾಚಿ ನಿಧಿ ಕೂಡಿಸಿದರು.

ದೇಶ ಕಳೆದುಕೊಂಡ ಲಕ್ಷಾಂತರ ರಷ್ಯನ್ನರ ಕೈಯಲ್ಲಿ ಅಂದು ಗುರುತಿನ ಕಾಗದವೇ ಇರಲಿಲ್ಲ. ಕಾಗದವಿಲ್ಲದವನಿಗೆ ಗಡಿ ದಾಟುವ ಹಕ್ಕಿಲ್ಲ, ಕೆಲಸ ಸಿಕ್ಕುವುದೂ ದುರ್ಲಭ. 1922ರಲ್ಲಿ ನಾನ್ಸೆನ್ನರು ಅಂಥವರಿಗಾಗಿ ರಹದಾರಿಯೊಂದನ್ನು ಏರ್ಪಡಿಸಿದರು. ಮುಂದೆ ಆರ್ಮೀನಿಯನ್ನರಿಗೂ ಅದು ದೊರೆಯಿತು. ನಾನ್ಸೆನ್ ಪಾಸ್‌ಪೋರ್ಟ್ ಎಂದು ಹೆಸರಾದ ಅದನ್ನು ಕ್ರಮೇಣ 50ಕ್ಕೂ ಹೆಚ್ಚು ಸರಕಾರಗಳು ಮನ್ನಿಸಿದುವು. ಅದೇ ವರ್ಷ ದೊರೆತ ನೊಬೆಲ್ ಶಾಂತಿ ಪಾರಿತೋಷಕದ ಹಣವನ್ನು ಅವರು ಪರಿಹಾರಕಾರ್ಯಕ್ಕೇ ಸಲ್ಲಿಸಿದರು.

1930ರ ಮೇ 13ರಂದು ಅವರು ಕಾಲವಾದರು. ಊರು ಬಿಟ್ಟು ಬಂದು ದುಡಿಯುವ ನಾವು ಮನಸ್ಸಾದಾಗ ಊರಿಗೆ ಹೋಗಿಬರಬಲ್ಲೆವು. ಆ ದಾರಿಯೇ ಮುಚ್ಚಿಹೋದವರ ಸಂಕಟವನ್ನು, ಹಿಮದಲ್ಲಿ ದಾರಿ ಹುಡುಕಿ ಬಲ್ಲವರೊಬ್ಬರು ಅರಿತರು ಎಂಬುದನ್ನು ನಾವು ಮರೆಯಲಾಗದು.