ಇಂದಿನ ಧಮ್ಮ ಚಿಂತನೆ: ಸೋಣ ಥೇರರ ಪಾದಗಳು



ನನ್ನ ತರಗತಿಯಲ್ಲಿ ಗಂಟೆ ಹೊಡೆದಾಗಲೆಲ್ಲ ಕಿವಿ ಮುಚ್ಚಿಕೊಳ್ಳುವ ಹುಡುಗಿಯೊಬ್ಬಳಿದ್ದಾಳೆ. ನಾಟಕ ಮಾಡಬೇಡ ಎಂದು ಒಮ್ಮೆ ಗದರಿದ್ದೆ. ವಿನಯಪಿಟಕದ ಮಹಾವಗ್ಗದಲ್ಲಿ ಸೋಣ ಕೋಳಿವಿಸರ ಕಥೆ ಓದಿದ ಮೇಲೆ ನಾಚಿಕೆಯಾಯಿತು.

ಸೋಣರು ಚಂಪಾ ನಗರದ ಸಿರಿವಂತರ ಮಗ. ಅಂಗಾಲಲ್ಲೇ ರೋಮ ಬೆಳೆಯುವಷ್ಟು ಸುಕುಮಾರ. ಅದನ್ನು ನೋಡಲೆಂದೇ ಬಿಂಬಿಸಾರ ರಾಜ ಕರೆಸಿಕೊಂಡಿದ್ದನಂತೆ. ಭಿಕ್ಕುವಾದ ಮೇಲೆ ರಾಜಗೃಹದ ಸೀತವನದಲ್ಲಿ ಚಂಕ್ರಮಣ ಮಾಡಿ ಮಾಡಿ ಪಾದ ಒಡೆದು, ದಾರಿಯೆಲ್ಲ ರಕ್ತವಾಯಿತು. ಇಷ್ಟಾದರೂ ಫಲವಿಲ್ಲವೆಂದು ಮನೆಗೆ ಮರಳುವ ಯೋಚನೆ ಬಂತು. ಬುದ್ಧರು ಬೈಯಲಿಲ್ಲ. ವೀಣೆ ಬಲ್ಲ ಆ ಕಿವಿಗೆ ವೀಣೆಯ ಮೂಲಕವೇ ತಿಳಿಹೇಳಿದರು. ತಂತಿ ಬಿಗಿಯಾದರೂ ಸಡಿಲವಾದರೂ ನಾದವಿಲ್ಲ, ಶ್ರಮಕ್ಕೂ ಹದ ಬೇಕು. ಮುಂದೆ ಸೋಣರು ಅರಹಂತರಾದರು.

ನನ್ನನ್ನು ಹೆಚ್ಚು ತಟ್ಟಿದ್ದು ಇದು. ಬುದ್ಧರು ಅವರಿಗೆ ಪಾದರಕ್ಷೆಯ ಅನುಮತಿ ಕೊಟ್ಟರು. ಸಂಘಕ್ಕೆಲ್ಲ ಕೊಡುವುದಾದರೆ ಸರಿ, ತಮಗೊಬ್ಬರಿಗೇ ಬೇಡ ಎಂದರು ಸೋಣರು. ನಿಯಮ ಎಲ್ಲರಿಗೂ ಬದಲಾಯಿತು. ಒಬ್ಬರ ಸೂಕ್ಷ್ಮತೆ ಇಡೀ ಸಂಘದ ಕಾಲು ಕಾಯಿತು.

ನಿನ್ನೆ ತರಗತಿಯಲ್ಲಿ ಎಲ್ಲರನ್ನೂ ಕೇಳಿದೆ. ಗಂಟೆಯ ಸದ್ದಿಗೆ ಕಿವಿ ನೋಯುತ್ತದೆಂದು ಇನ್ನೂ ಮೂವರು ಕೈ ಎತ್ತಿದರು. ಬೆಂಚುಗಳನ್ನೆಲ್ಲ ದೂರ ಸರಿಸಿದೆವು.

ನಿಮ್ಮ ಮನೆಯಲ್ಲೂ ಇಂಥ ಮಗುವಿದ್ದರೆ, ಇಂದು ಗದರುವ ಮುನ್ನ ಒಮ್ಮೆ ಕೇಳಿ.

ಜೈ ಭೀಮ್ 🙏