ಕ್ಯಾನ್ಸರ್ ನಡುವೆಯೂ ಭಾರತಕ್ಕೆ ಫುಟ್‌ಬಾಲ್ ಚಿನ್ನ ಗೆಲ್ಲಿಸಿದ ಕೋಚ್ ರಹೀಮ್

ಹೈದರಾಬಾದ್‌ನಲ್ಲಿ 1909ರಲ್ಲಿ ಜನಿಸಿದ ಸೈಯದ್ ಅಬ್ದುಲ್ ರಹೀಮ್ ವೃತ್ತಿಯಲ್ಲಿ ಶಾಲಾ ಶಿಕ್ಷಕರು. ಕಾಲೇಜು ದಿನಗಳಿಂದಲೇ ಫುಟ್‌ಬಾಲ್ ಆಡುತ್ತಿದ್ದ ಅವರು ಬಳಿಕ ಹೈದರಾಬಾದ್ ಸಿಟಿ ಪೊಲೀಸ್ ತಂಡದ ಕೋಚ್ ಆದರು. ಈ ತಂಡ 1950ರಿಂದ ಸತತ 5 ಬಾರಿ ರೋವರ್ಸ್ ಕಪ್ ಗೆದ್ದಿತು.

ರಹೀಮ್ ಗರಡಿಯಲ್ಲೇ ಭಾರತ 1951ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದಿತು. ಬೆಂಗಳೂರಿನ ಕೆಂಪಯ್ಯ ಅವರೂ ಇದ್ದ ತಂಡ 1956ರ ಮೆಲ್ಬೋರ್ನ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾವನ್ನು 4-2ರಿಂದ ಮಣಿಸಿ, ಕೊನೆಗೆ ನಾಲ್ಕನೇ ಸ್ಥಾನ ಪಡೆಯಿತು.

1962ರ ಜಕಾರ್ತಾ ಏಷ್ಯನ್ ಗೇಮ್ಸ್ ಹೊತ್ತಿಗೆ ಅವರನ್ನು ಕ್ಯಾನ್ಸರ್ ಕಾಡುತ್ತಿತ್ತು. ತಲೆಗೆ ಹೊಲಿಗೆ ಬಿದ್ದಿದ್ದ ಡಿಫೆಂಡರ್ ಜರ್ನೈಲ್ ಸಿಂಗ್ ಅವರನ್ನೇ ಫೈನಲ್‌ನಲ್ಲಿ ಫಾರ್ವರ್ಡ್ ಆಗಿ ಆಡಿಸಿದರು. ಜರ್ನೈಲ್ ಗೋಲು ಹೊಡೆದರು. ದಕ್ಷಿಣ ಕೊರಿಯಾ 2-1ರಿಂದ ಸೋತಿತು.

ಮರುವರ್ಷ ಜೂನ್ 11ರಂದು ರಹೀಮ್ ನಿಧನರಾದರು. ಏಷ್ಯನ್ ಗೇಮ್ಸ್ ಫುಟ್‌ಬಾಲ್‌ನಲ್ಲಿ ಭಾರತಕ್ಕೆ ಮತ್ತೆ ಚಿನ್ನ ದಕ್ಕಿಲ್ಲ.